ನಮ್ಮತ್ತೆ ಹೇಳದೆ ಉಳಿಸಿಕೊಂಡಿದ್ದ ಸ್ತೋತ್ರ

ನಮ್ಮ ಸೋದರತ್ತೆ ಒಂದು ಸಲ ಕೆಮ್ಮಿದರೆ ಸಾಕು, ಯಲಹಂಕದ ನಮ್ಮ ಚರ್ಚಿನ ಸಭೆಯ ಅರ್ಧ ಜನಕ್ಕೆ ಎದೆ ಢವಢವ ಎನ್ನುತ್ತಿತ್ತು! ಕಾಯಿಲೆ ಅಂಟೀತೆಂಬ ಭಯದಿಂದಲ್ಲ. ಸಾಕ್ಷಿ ಹೇಳಲು ಏಳುವ ಮುಂಚೆ ಆಕೆ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಭಾನುವಾರದ ಆರಾಧನೆಯಲ್ಲಿ ಪಾದ್ರಿ ಅಯ್ಯನವರ ಪ್ರಸಂಗಕ್ಕೆ ಮೊದಲು, ದೇವರು ತಮಗೆ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದಿತ್ತು. ಅದೇ ಸಾಕ್ಷಿ. ಉಳಿದವರು ಹಲ್ಲುನೋವು ವಾಸಿಯಾದದ್ದನ್ನೋ ಮಗ ಪಾಸಾದದ್ದನ್ನೋ ಹೇಳಿ ಕೂತುಬಿಡುತ್ತಿದ್ದರು. ನಮ್ಮತ್ತೆಗೆ ಅಷ್ಟು ಸಾಕೇ? ಊರವರಿಗೆ ಆದ ಉಪಕಾರಗಳ ಲೆಕ್ಕವೂ ಆಕೆಯದೇ!

"ನಮ್ಮ ಸಭೆಯ ಹಿರಿಯರು ಎಂಟು ದಿನದಿಂದ ಹೆಂಡತಿ ಜೊತೆ ಮಾತು ಬಿಟ್ಟಿದ್ರು. ನಿನ್ನೆ ಉಪ್ಪಿಟ್ಟಿಗೆ ಉಪ್ಪಿಲ್ಲ ಅಂತ ಬಾಯಿ ಬಿಟ್ರು. ಕರ್ತನಿಗೆ ಸ್ತೋತ್ರ!"

ಹಿರಿಯರು ಕೀರ್ತನೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಅವರ ಹೆಂಡತಿ ಮಾತ್ರ ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಅಂದರು!

"ಅಕ್ಕಾ, ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು ಕಣೇ," ಎಂದು ಅಪ್ಪ ಮನೆಗೆ ಬಂದು ಗದರಿದರೆ, "ಹಾಕೋ ಪುಟ್ಟಾ, ಬೀಗದ ಕೈ ಕರ್ತನ ಹತ್ರ ಇದೆ," ಎಂದು ಅತ್ತೆ ಇನ್ನೊಂದು ದೋಸೆ ಹಾಕಿಸಿಕೊಳ್ಳುತ್ತಿದ್ದರು.

ಬಸ್ಸಿನಲ್ಲೂ ಬಿಡುತ್ತಿರಲಿಲ್ಲ. ಒಂದು ಸಲ ಅವರೆಕಾಯಿ ಮೂಟೆಯ ರೈತನೊಬ್ಬ ಪಕ್ಕದಲ್ಲಿ ಕೂತು ಸಿಕ್ಕಿಬಿದ್ದ. "ಅಮ್ಮೋ, ಎಬ್ಬಾಳ ಬಂತು, ನಾನ್ ಇಳೀಬೇಕು," ಎಂದು ಆತ ಗೋಗರೆದ. "ಇಳಿಯುವಿಯಂತೆ ಇರಪ್ಪಾ, ಕೊನೇ ಉಪಕಾರ ಒಂದೇ ಬಾಕಿ!" ಅದು ಮುಗಿಯುವ ಹೊತ್ತಿಗೆ ಹೆಬ್ಬಾಳ ಹಿಂದೆ ಬಿದ್ದಿತ್ತು. ಮೂಟೆ ಹೊತ್ತು ಆತ ವಾಪಸ್ಸು ನಡೆದ. ಮುಂದಿನ ಭಾನುವಾರ, ಆ ರೈತನ ಮೊಣಕಾಲಿಗೆ ಬಲ ಕೊಟ್ಟಿದ್ದಕ್ಕೂ ಸ್ತೋತ್ರ ಸಂದಿತು!

ಅತ್ತೆಯ ಗಂಡ ಬೇಗ ತೀರಿಕೊಂಡಿದ್ದರು. ಇದ್ದವಳು ಒಬ್ಬಳೇ ಮಗಳು, ಸುಗುಣಕ್ಕ. ಯಶವಂತಪುರದ ಒಂದು ಶಾಲೆಯಲ್ಲಿ ಟೀಚರು. ಆಡಬೇಕಾದ ಮಾತನ್ನೆಲ್ಲ ತಾಯಿಯೇ ಆಡಿ ಮುಗಿಸಿದ್ದರೋ ಏನೋ, ಆಕೆ ಮಾತಾಡುತ್ತಿದ್ದುದು ಕಡಿಮೆ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಸುಗುಣಕ್ಕನಿಗೆ ಟೈಫಾಯಿಡ್ ಬಂತು. ಇಡೀ ಸಭೆ ಪ್ರಾರ್ಥನೆ ಮಾಡಿತು. ಮೂರನೇ ವಾರ ಜ್ವರ ಇಳಿಯಿತು. ಆ ಭಾನುವಾರ ಅತ್ತೆ ಚರ್ಚಿಗೆ ಓಡಿಬಂದು, ಏದುಸಿರು ಬಿಡುತ್ತಲೇ ಕೂಗಿದರು: "ನನ್ನ ಮಗಳಿಗೆ ವಾಸಿ ಆಯ್ತು! ಸ್ತೋತ್ರ! ಸ್ತೋತ್ರ!" ಅಂದು ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ಎಲ್ಲರೂ ಅತ್ತರು, ನಕ್ಕರು.

ಬುಧವಾರ ಜ್ವರ ಮರುಕಳಿಸಿತು. ಗುರುವಾರ ಬೆಳಗ್ಗೆ ಸುಗುಣಕ್ಕ ಹೋಗಿಬಿಟ್ಟಳು.

ಅತ್ತೆ ಅಳಲಿಲ್ಲ. ಚರ್ಚಿಗೆ ಬರುವುದನ್ನೂ ಬಿಡಲಿಲ್ಲ. ಬರುತ್ತಿದ್ದರು, ಗೋಡೆ ಪಕ್ಕ ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ಸಾಕ್ಷಿಯ ಹೊತ್ತಿನಲ್ಲಿ ಜನ ಆಕೆಯ ಕಡೆಗೊಮ್ಮೆ ನೋಡಿ ತಲೆ ತಗ್ಗಿಸುತ್ತಿದ್ದರು. ತಮ್ಮ ಹಲ್ಲುನೋವಿನ ಕಥೆ ಹೇಳಲೂ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅಯ್ಯನವರು ಮನೆಗೆ ಬಂದು, "ಎಲ್ಲಾ ದೇವರ ಚಿತ್ತಮ್ಮಾ..." ಎಂದು ಶುರುಮಾಡಿದರು.

"ಅಯ್ಯನವರೇ, ಕಾಫಿ ಕುಡೀರಿ," ಎಂದರು ಅತ್ತೆ. "ಆ ಮಾತು ಮಾತ್ರ ಬೇಡ."

ಹೀಗೇ ಒಂದು ವರ್ಷ ಕಳೆಯಿತು. ರಂಜಾನ್ ಆದ ಮಾರನೆಯ ದಿನ ಬುರ್ಖಾ ತೊಟ್ಟ ಹೆಂಗಸೊಬ್ಬರು ಶಾವಿಗೆ ಪಾಯಸದ ಡಬ್ಬಿ ಹಿಡಿದು ಅತ್ತೆಯ ಬಾಗಿಲಿಗೆ ಬಂದರು. ಆಗ ಹೈಸ್ಕೂಲು ಓದುತ್ತಿದ್ದ ನಾನು ಅಲ್ಲೇ ಇದ್ದೆ.

"ಟೀಚರಮ್ಮ ಇದಾರಾ? ನಮ್ಮ ಹುಡುಗಿ ಶಾಲೇಲಿ ಬಾಯೇ ಬಿಡ್ತಿರ್ಲಿಲ್ಲ. ಇವರು ಬಂದ್ಮೇಲೆ ಓದೋಕೆ ಕಲಿತ್ಲು. ನಾವು ಒಂದ್ ವರ್ಷ ತುಮಕೂರಲ್ಲಿ ಇದ್ವಿ, ಈಗ ವಾಪಸ್ ಬಂದ್ವಿ."

ಅತ್ತೆಯೇ ಹೇಳಬೇಕಾಯಿತು. ಸಾವಿನ ಸುದ್ದಿಯನ್ನು ಸ್ವಂತ ಬಾಯಿಂದ ಆಕೆ ಹೇಳಿದ್ದು ಅದೇ ಮೊದಲು. ಬಂದಾಕೆ ಹೊಸ್ತಿಲಲ್ಲೇ ಕುಸಿದು ಕೂತು, ಬುರ್ಖಾದ ಅಂಚು ಬಾಯಿಗೆ ಒತ್ತಿ ಅಳತೊಡಗಿದರು. ಅತ್ತೆಯೂ ಪಕ್ಕದಲ್ಲಿ ಕೂತರು. ವರ್ಷದ ಅಳು ಒಟ್ಟಿಗೇ ಬಂತು.

ಕೊನೆಗೆ ಬಂದಾಕೆ ಕಣ್ಣೊರೆಸಿಕೊಂಡು, "ಮನೇಲಿ ಹೇಗಿರ್ತಿದ್ರು ಟೀಚರಮ್ಮ?" ಎಂದು ಕೇಳಿದರು. ಒಂದು ವರ್ಷದಿಂದ ನಾವ್ಯಾರೂ ಆ ಪ್ರಶ್ನೆ ಕೇಳಿರಲಿಲ್ಲ! ನೋವಾದೀತೆಂದು ಸುಗುಣಕ್ಕನ ಹೆಸರನ್ನೇ ಎತ್ತುತ್ತಿರಲಿಲ್ಲ. ಅತ್ತೆ ಹೇಳತೊಡಗಿದರು. ಸಂಜೆಯ ಬಸ್ಸಿನ ಹೊತ್ತಾಗುವವರೆಗೂ ಆಕೆ ಕೇಳುತ್ತಾ ಕೂತಿದ್ದರು.

ಆ ಭಾನುವಾರ ಅತ್ತೆ ಎದ್ದು ನಿಂತರು. ಚರ್ಚಿನಲ್ಲಿ ಬೀಸಣಿಗೆಗಳೂ ನಿಂತವು.

"ಜ್ವರ ಇಳೀತು ಅಂತ ಸ್ತೋತ್ರ ಹೇಳ್ದೆ," ಎಂದರು ಮೆಲ್ಲಗೆ. "ಅವಳು ಇದ್ದಾಳೆ ಅಂತ ಒಂದು ದಿನಾನೂ ಹೇಳ್ಲಿಲ್ಲ. ಉಪ್ಪಿನಕಾಯಿ ಜಾಡಿಗೆ ಬೆರಳು ಹಾಕಿ ನೆಕ್ತಿದ್ಲು. ಹಾಡಿದ್ರೆ ರಾಗ ತಪ್ಪೋದು. ನನ್ನ ಕಾಲು ನೋವಿಗೆ ದಿನಾ ಎಣ್ಣೆ ಒತ್ತಿ, ಆಮೇಲೆ ಪುಸ್ತಕ ಹಿಡೀತಿದ್ಲು."

ತಲೆಯೆತ್ತಿ ಮೇಲೆ ನೋಡಿದರು.

"ನಿನ್ನ ಮೇಲೆ ನನಗಿನ್ನೂ ಕೋಪ ಇದೆ ಕರ್ತನೇ. ಸುಳ್ಳು ಹೇಳಲ್ಲ. ಆದ್ರೆ ಇಪ್ಪತ್ಮೂರು ವರ್ಷ ಆ ಮಗೂನ ನನಗೆ ಕೊಟ್ಟಿದ್ದೂ ನೀನೇ. ಅಷ್ಟಕ್ಕೆ ಸ್ತೋತ್ರ."

ಅಯ್ಯನವರು ಅಂದು ಪ್ರಸಂಗ ಮಾಡಲಿಲ್ಲ. ಪೀಠದಿಂದ ಇಳಿದುಬಂದು ಅತ್ತೆಯ ಎದುರು ನೆಲದ ಮೇಲೆ ಕೂತು, "ಇನ್ನೂ ಹೇಳಿ ಅಮ್ಮಾ," ಎಂದರು.