ಬಲಕ್ಕೆ ಬಿದ್ದ ಹೂವು

ಕೇಳಿದವರಿಗೆ ಸಲಹೆ ಕೊಡುವುದು ದೊಡ್ಡ ವಿಷಯವಲ್ಲ, ಕೇಳದವರಿಗೂ ಕೊಡಬಲ್ಲೆ ಎಂಬ ಧೈರ್ಯ ನನಗೆ ಮೊದಲಿನಿಂದ ಇದೆ. ಶಿಕಾರಿಪುರದ ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ಮಕ್ಕಳು ಮುಂದೇನು ಓದಬೇಕು ಎಂದು ಹೇಳುವ ಕೆಲಸವನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನೇ ವಹಿಸಿಕೊಂಡಿದ್ದೆ. ಅಕ್ಷರ ದುಂಡಗಿದ್ದವನಿಗೆ ಟೈಪ್‌ರೈಟಿಂಗ್, ಜಗಳಗಂಟನಿಗೆ ವಕೀಲಿ, ಹೆಣ್ಣುಮಕ್ಕಳಿಗೆಲ್ಲ ಮೇಷ್ಟ್ರ ಟ್ರೈನಿಂಗ್ ಎಂದು ಕಷಾಯದ ಪುಡಿಯ ಹಾಗೆ ಸಿದ್ಧವಾಗಿಟ್ಟುಕೊಂಡಿದ್ದೆ. ಟೈಲರ್ ಬಾಷಾ ಸಾಬರ ಮಗನಿಗೂ ಟೈಪ್‌ರೈಟಿಂಗ್ ಕಲಿ ಎಂದಿದ್ದೆ. ಅವನು ಆನವಟ್ಟಿಯಲ್ಲಿ ಸೈಕಲ್ ಶಾಪ್ ಇಟ್ಟ. ಸೊರಬದ ಕಡೆ ಹೋದಾಗಲೆಲ್ಲ ನನ್ನ ಸೈಕಲ್ಲಿನ ಪಂಕ್ಚರನ್ನು ಅವನೇ ಹಾಕುತ್ತಾನೆ, ಬೇಡವೆಂದರೂ ಟೀ ತರಿಸುತ್ತಾನೆ. ನನ್ನ ಸಲಹೆ ಕೇಳದೆಯೂ ಮನುಷ್ಯ ಸುಖವಾಗಿರಬಹುದು ಎಂಬುದು ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಈ ಧೈರ್ಯಕ್ಕೆ ಒಂದು ಮೂಲವಿದೆ. ಹದಿನೆಂಟು ವರ್ಷದ ಹಿಂದೆ ನನಗೆ ಜಮೀನು ಅಳೆಯುವ ಸರ್ವೆ ಕೆಲಸಕ್ಕೆ ಹೋಗುವ ಆಸೆಯಿತ್ತು. ಅಪ್ಪ ಮೇಷ್ಟ್ರಾಗು ಎಂದರು. ತೀರ್ಮಾನವಾಗದೆ ಪ್ರಸಾದ ಕೇಳಲು ಗುಡಿಗೆ ಹೋದೆವು. ದೇವರ ಮುಂದೆ ನಿಂತವರು ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಂಡು ಕಾಯಬೇಕು. ದೇವರಿಗೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ಅಪ್ಪನಿಗೆ ಅವತ್ತು ವಿಪರೀತ ನೆಗಡಿ. ಸೀನಿನ ಗಾಳಿಗೆ ಹೂವು ಉದುರಿದರೆ ಲೆಕ್ಕಕ್ಕಿಲ್ಲ ಎಂದು ಅಮ್ಮನನ್ನು ಮುಂದೆ ನಿಲ್ಲಿಸಿದರು. ಹೂವು ಬಲಕ್ಕೆ ಬಿತ್ತು, ನಾನು ಮೇಷ್ಟ್ರಾದೆ. ಉಳಿದವರನ್ನು ಸರ್ಕಾರ ನೇಮಿಸಿದ್ದು, ನನ್ನನ್ನು ಸಾಕ್ಷಾತ್ ದೇವರೇ ನೇಮಿಸಿದ್ದು ಎಂಬ ಹೆಮ್ಮೆ ಅಂದಿನಿಂದ ನನಗೆ.

ಈ ಸಲ ಉಡುತಡಿಯ ಚನ್ನಬಸಪ್ಪನ ಮಗಳು ಗೌರಿ ಪಾಸಾದಳು. ಪೇಟೆಯ ಅತ್ತೆಯ ಮನೆಯಲ್ಲಿದ್ದು ಓದಿದ ಹುಡುಗಿ. ಲೆಕ್ಕದಲ್ಲಿ ನನ್ನನ್ನೇ ಎರಡು ಸಲ ತಿದ್ದಿದ್ದಳು. ಆದರೂ ಅವಳಪ್ಪನಿಗೆ ನಾನು ಕೊಟ್ಟದ್ದು ಅದೇ ಕಷಾಯ: “ಟ್ರೈನಿಂಗಿಗೆ ಕಳಿಸು. ಬೇಕಾದರೆ ದೇವರನ್ನೂ ಕೇಳಿ ಬಾ. ನಾನು ಹೇಳಿದ್ದನ್ನೇ ಅವನೂ ಹೇಳುತ್ತಾನೆ.”

ಸೋಮವಾರ ಅಪ್ಪ ಮಗಳು ಇಬ್ಬರೂ ಗಾಡಿ ಕಟ್ಟಿಕೊಂಡು ಶಾಲೆಗೆ ಬಂದರು. ಅರ್ಜಿ ಅವತ್ತೇ ಶಿವಮೊಗ್ಗದ ಬಸ್ಸಿಗೆ ಹೋಗಬೇಕು, ಮಾರನೆಯ ದಿನ ಕಡೇ ದಿನ.

“ಬಲಕ್ಕೆ ಕೊಟ್ಟ ನೋಡ್ರಿ ಮೇಷ್ಟ್ರೆ!” ಎಂದ ಚನ್ನಬಸಪ್ಪ. “ಟ್ರೈನಿಂಗು ಗೀನಿಂಗು ನನ್ ಬಾಯಾಗೆ ಹೊಳ್ಳಂಗಿಲ್ಲ. ಅದ್ಕೆ, ನೀನೇ ಕೇಳವ್ವ ಅಂತ ಇವಳನ್ನೇ ನಿಲ್ಲಿಸ್ದೆ.”

ನಾನು ಮೀಸೆಯಡಿ ನಗುತ್ತಾ ಟ್ರೈನಿಂಗಿನ ಅರ್ಜಿ ತುಂಬತೊಡಗಿದೆ. ಚನ್ನಬಸಪ್ಪ ಎತ್ತಿಗೆ ನೀರು ತೋರಿಸಲು ಹೊರಗೆ ಹೋದ. ಗೌರಿ ಮೇಜಿನ ಹತ್ತಿರ ಬಂದಳು.

“ಸಾರ್, ನಾನು ಕೇಳಿದ್ದು ಬೇರೆ. ಪಿ.ಯು.ಸಿ. ಸೈನ್ಸಿಗೆ ಹೋಗ್ಲಾ ಅಂತ ಕೇಳ್ದೆ. ಅದಕ್ಕೇ ಬಲಕ್ಕೆ ಬಿತ್ತು.”

“ಅಪ್ಪನಿಗೆ ಯಾಕೆ ಹೇಳಲಿಲ್ಲ?”

“ಮೇಷ್ಟ್ರದ್ದೂ ದೇವ್ರದ್ದೂ ಒಂದೇ ಮಾತು ಅಂತ ಅಪ್ಪ ಊರ ತುಂಬಾ ಹೇಳ್ಕಂಡ್ ಬಂದಾನೆ. ಈಗ ನಿಮ್ಮಿಬ್ರಲ್ಲಿ ಒಬ್ರು ಸುಳ್ಳಾಗ್ಬೇಕಲ್ಲ ಸಾರ್.”

ಅವಳ ಕಣ್ಣಲ್ಲಿ ನೀರಿತ್ತು, ಆದರೆ ಧ್ವನಿ ಅಲ್ಲಾಡಲಿಲ್ಲ. ನನಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಮೂರು ವರ್ಷ ಪಾಠ ಹೇಳಿದ ನಾನು ನಿನಗೇನು ಬೇಕು ಎಂದು ಒಂದು ಸಲವೂ ಕೇಳಿರಲಿಲ್ಲ. ಅವಳಾದರೂ ಕೇಳಬೇಕಾದವನನ್ನೇ ಕೇಳಿಕೊಂಡು ಬಂದಿದ್ದಳು. ಅರ್ಜಿಯನ್ನು ಹರಿದೆ. ಚನ್ನಬಸಪ್ಪ ಒಳಗೆ ಬಂದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿ, “ದೇವರು ಸರಿಯಾಗಿಯೇ ಹೇಳಿದ್ದಾನೆ, ತಪ್ಪು ಹೇಳಿದವನು ನಾನು” ಎಂದೆ.

ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ.

“ಆತು ಬಿಡ್ರಿ. ಮೇಷ್ಟ್ರು ತಪ್ಪಬೋದು, ಹೂವು ತಪ್ಪಂಗಿಲ್ಲ. ಬರೀರಿ ಸೈನ್ಸಿಂದೇ.”

ಅರ್ಜಿಯನ್ನು ಗೌರಿಯೇ ಬರೆದಳು, ನಾನು ರುಜು ಮಾತ್ರ ಹಾಕಿದೆ.

ಅರ್ಜಿಯನ್ನು ಬಸ್ಸಿಗೆ ಕೊಟ್ಟು, ಅವರನ್ನು ಗಾಡಿ ಹತ್ತಿಸಿ ಮನೆಗೆ ಬರುವಾಗ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅಮ್ಮ ಹಿತ್ತಿಲ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. “ಅವತ್ತು ಗುಡಿಯಲ್ಲಿ ದೇವರ ಹತ್ತಿರ ಏನಂತ ಕೇಳಿದ್ದೆ?” ಎಂದೆ.

“ನನ್ ಮಗ ಊರು ಬಿಟ್ಟು ಹೋಗ್ದಂಗೆ ಇರ್ತಾನಾ ಅಂತ ಕೇಳ್ದೆ. ಮೇಷ್ಟ್ರೋ ಗೀಷ್ಟ್ರೋ, ನಂಗೇನ್ ಗೊತ್ತಿತ್ತು?” ಎಂದು ಅಮ್ಮ ತಲೆ ಎತ್ತದೆ ಇನ್ನೊಂದು ಬೀಜ ತೆಗೆದಳು.

ಹದಿನೆಂಟು ವರ್ಷದ ದೈವನೇಮಕ ಹೀಗೆ ಹುಣಸೆಬೀಜದ ರಾಶಿಯಲ್ಲಿ ಕಳೆದುಹೋಯಿತು. ಅಮ್ಮ ಸರ್ವೆ ಕೆಲಸದ ಮಾತೆತ್ತಿ ಕೇಳಿದ್ದರೂ ಹೂವು ಬಲಕ್ಕೇ ಬೀಳುತ್ತಿತ್ತೋ ಏನೋ. ಮಾರನೆಯ ದಿನ ಶಾಲೆಗೆ ಹೋಗಿ ಎಂದಿನಂತೆ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಅದೊಂದು ವಿಷಯದಲ್ಲಿ ಮಾತ್ರ ನಾನು ಯಾವ ದೇವರನ್ನೂ ಕೇಳಬೇಕಾಗಿಲ್ಲ, ಅಮ್ಮನನ್ನಂತೂ ಕೇಳುವುದೇ ಇಲ್ಲ.