ಭಾವನ ಗಾಲಿ, ನನ್ನ ಮಡಿಲ ಚೊಂಬು

ನಮ್ಮ ಭಾವನಿಗೆ ತಲೆ ಸರಿಯಿದೆ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬೆಟ್ಟದ ಮಾದಪ್ಪನ ಮೇಲೆ ಆಣೆಯಿಟ್ಟು ಹೇಳು ಎಂದರೆ ಮಾತ್ರ ಎರಡು ದಿನ ಟೈಮು ಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೊಳ್ಳೇಗಾಲದಲ್ಲಿ ನಮ್ಮದು ಒಂದೇ ಬೀದಿ; ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುವಷ್ಟು ಹತ್ತಿರ. ರೇಷ್ಮೆ ಸೀರೆ ನೇಯುವ ಮನೆತನ. ಮಗ್ಗ, ನೂಲು, ತಕ್ಕಡಿ ಬಿಟ್ಟು ಬೇರೇನನ್ನೂ ಕಣ್ಣೆತ್ತಿ ನೋಡಿದವರಲ್ಲ. ಸೀರೆಯನ್ನು ಅಂಗೈ ಮೇಲಿಟ್ಟರೆ ಇಷ್ಟು ಗ್ರಾಂ ಎನ್ನುತ್ತಾರೆ. ಆಮೇಲೆ ತಕ್ಕಡಿಯೂ ಅದನ್ನೇ ಹೇಳುತ್ತದೆ. ಇಂಥ ಮನುಷ್ಯ ಮೊಮ್ಮಕ್ಕಳಿಗೆ ಕಥೆ ಹೇಳಿಕೊಂಡಿರಬೇಕಾದ ವಯಸ್ಸಿನಲ್ಲಿ ಮೈಸೂರಿನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ಕೆಂಪು ಬಣ್ಣ, ಹಿಂದಕ್ಕೆ ಮಡಚುವ ಮಾಡು, ಹೊರದೇಶದ ಮಾಲು. ತಗ್ಗು ಎಷ್ಟೆಂದರೆ, ಒಳಗೆ ಕೂತರೆ ಬೀದಿನಾಯಿ ನಮ್ಮನ್ನು ಸರಿಸಮನಾಗಿ ನೋಡುತ್ತದೆ.

"ಎರಡೇ ಸೀಟಾ ಭಾವ?" ಎಂದು ಕೇಳಿದೆ.

"ಊ. ಎರಡೇ," ಎಂದರು, ಅದೇ ಅದರ ಹೆಚ್ಚುಗಾರಿಕೆ ಎನ್ನುವ ಹಾಗೆ.

ಗಾಲಿಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು, ಮೊದಲ ಸವಾರಿಗೆ ಅಕ್ಕನನ್ನು ಕೂರಿಸಿಕೊಂಡು ಯಳಂದೂರಿಗೆ, ನಮ್ಮ ಚಿಕ್ಕಮ್ಮನ ಮನೆಗೆ ಹೊರಟರು. ಹಿಂದಿನ ಮಾಲೀಕ ಯಾರೋ ಷೋಕಿಯವನಿರಬೇಕು. ಕಾರಿನ ಜೊತೆ ಬಂದ ಗಾಲಿಗಳನ್ನು ತೆಗೆಸಿ ಹದಿನೇಳು ಇಂಚಿನ ಥಳಥಳಿಸುವ ಗಾಲಿ ಹಾಕಿಸಿದ್ದ. ಗಾಲಿ ಅಷ್ಟು ದೊಡ್ಡದಾದ ಮೇಲೆ ಟೈರಿಗೆ ಜಾಗ ಎಲ್ಲಿ? ಸುತ್ತಲೂ ಬಳೆ ತೊಡಿಸಿದಷ್ಟು ರಬ್ಬರು, ಅಷ್ಟೇ. ನಮ್ಮ ಅಕ್ಕನಿಗೋ ಎರಡು ವರ್ಷದ ಹಿಂದೆ ಸೊಂಟದ ಆಪರೇಷನ್ ಆಗಿದೆ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿರುವ ಹಂಪುಗಳು ನಿಮಗೆ ಗೊತ್ತಲ್ಲ. ಮೊದಲನೆಯದಕ್ಕೆ ಅಕ್ಕ "ಅಯ್ಯಪ್ಪಾ" ಎಂದಳಂತೆ. ಎರಡನೆಯದಕ್ಕೆ "ನಿಧಾನ" ಎಂದಳಂತೆ. ಮೂರನೆಯದರಿಂದ ಮುಂದೆ ಮಾತಿಲ್ಲ. ಅಕ್ಕ ಮಾತು ನಿಲ್ಲಿಸಿದರೆ ಹೆದರಬೇಕು ಎನ್ನುವುದು ನಮ್ಮ ಇಡೀ ಬೀದಿಗೆ ಗೊತ್ತು, ಭಾವನಿಗೆ ಗೊತ್ತಿಲ್ಲದೆ ಇರುತ್ತದೆಯೆ?

ಯಳಂದೂರಿನಲ್ಲಿ ಇಳಿದವಳು ಚಿಕ್ಕಮ್ಮನ ಮನೆಯಲ್ಲಿ ಕಾಫಿ ಕುಡಿದು, ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ಕೆಂಪು ಬಸ್ಸು ಹತ್ತಿ ಬಂದಳು. ಭಾವ ಆ ಬಸ್ಸಿನ ಹಿಂದೆಯೇ ಕಾರು ಓಡಿಸಿಕೊಂಡು ಬಂದರು. ಬಸ್ಸೂ ಕೆಂಪು, ಕಾರೂ ಕೆಂಪು. ತಾಯಿ ಹಿಂದೆ ಮರಿ ಬರುವಂತಿತ್ತು ಎಂದು ನೋಡಿದವರು ಹೇಳಿದರು.

ಮನೆಗೆ ಬಂದ ಅಕ್ಕ ಹೇಳಿದ್ದು ಇಷ್ಟು: "ಡಾಕ್ಟ್ರು ನನ್ನ ಸೊಂಟುಕ್ಕೆ ಇಕ್ಕಿರೋ ಸ್ಕ್ರೂ ಬೇಕಾದ್ರೆ ಬಿಚ್ಕಂಡು ನಿಮ್ಮ ಕಾರಿಗೆ ಆಕ್ಕಳಿ. ನಾನಂತೂ ಇನ್ನ ಅದನ್ನ ಅತ್ತಾಕಿಲ್ಲ."

ಬೇರೆ ಯಾರೇ ಆಗಿದ್ದರೂ ಕಾರು ಮಾರುತ್ತಿದ್ದರು. ಭಾವ ಒಂದು ರಾತ್ರಿ ಮಲಗಿ ಎದ್ದು ತೀರ್ಪು ಕೊಟ್ಟರು: "ತಪ್ಪು ಗಾಡೀದಲ್ಲ ಕಣಮ್ಮಿ. ಗಾಲೀದು. ಗಾಲಿ ಸರಿಯಾದ್ರೆ ನಿಮ್ಮಕ್ಕ ಕೂತ್ಕತಾಳೆ." ಆ ಸೀಟಿನಲ್ಲಿ ಅಕ್ಕ ಇನ್ನೊಂದು ಸಲ ಕೂರಬೇಕು, ಅವರಿಗೆ ಬೇಕಿದ್ದದ್ದು ಅಷ್ಟೇ. ಅಷ್ಟಕ್ಕೆ ಎಂಟು ತಿಂಗಳು ಹಿಡಿಯಿತು.

ಗಾಲಿ ಕೊಳ್ಳುವುದೆಂದರೆ ಬದನೆಕಾಯಿ ಕೊಂಡಂತಲ್ಲ ಎಂದು ನನಗೆ ಗೊತ್ತಾದದ್ದೇ ಆಗ. ಗಾಲಿಯ ನಡುವೆ ನಾಲ್ಕು ಬೋಲ್ಟಿನ ತೂತುಗಳಿರುತ್ತವೆ. ಎದುರುಬದುರಿನ ತೂತುಗಳ ನಡುವಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಗಾಲಿ ಕೂರುವುದಿಲ್ಲ. ಟೈರು ಅಂಗಡಿಯವರು ಟೇಪು ಕೊಡಲು ಬಂದರೆ ಭಾವ ಬೇಡ ಎಂದರು. ಟೇಪು ಬಡಗಿಗಳಿಗಂತೆ. ತಾವು ಜೇಬಿನಿಂದ ರೇಷ್ಮೆ ನೂಲು ತೆಗೆದು, ತೂತಿನಿಂದ ತೂತಿಗೆ ಬಿಗಿಯಾಗಿ ಎಳೆದು ಹಿಡಿದು, ಕತ್ತರಿಸಿ, ಮನೆಗೆ ತಂದು ಸ್ಕೇಲಿನ ಮೇಲಿಟ್ಟು ಅಳೆದು, ಕೊಯಮತ್ತೂರಿಗೆ ಫೋನು ಮಾಡಿದರು. ಹದಿನೈದು ದಿನಕ್ಕೆ ನಾಲ್ಕು ಹೊಸ ಗಾಲಿ ಬಂದವು. ಅರಿಶಿನ ಕುಂಕುಮ ಇಟ್ಟೆವು. ಒಂದೂ ಕೂರಲಿಲ್ಲ.

"ಎರಡು ಮಿಲಿಮೀಟರ್ ಕಮ್ಮಿ ಅದೆ ಸಾ," ಎಂದರು ಟೈರು ಅಂಗಡಿಯವರು. "ಯಾವುದ್ರಲ್ಲಿ ಅಳದ್ರಿ?"

"ನೂಲಲ್ಲಿ."

"ಯಾವ ನೂಲು ಸಾ?"

ಭಾವ ಬಂದ ಗಾಲಿಗಳನ್ನು ಮತ್ತೆ ಎಣಿಸತೊಡಗಿದರು. ರೇಷ್ಮೆ ಎಂದು ಹೇಗೆ ಹೇಳುತ್ತಾರೆ? ಹೊಸದಾಗಿ ಮಗ್ಗಕ್ಕೆ ಬಂದವರಿಗೆಲ್ಲ ಅವರು ಮೊದಲು ಹೇಳಿಕೊಡುವ ಪಾಠವೇ, "ಎಳದು ಅಳೀಬ್ಯಾಡ ಕಣ್ಲಾ, ಎಳದ್ರೆ ರೇಷ್ಮೆ ಸುಳ್ಳು ಏಳ್ತದೆ" ಎಂದು. ಎಳೆದಾಗ ಹಿಗ್ಗಿದ ನೂಲು ಮನೆಗೆ ಬರುವಷ್ಟರಲ್ಲಿ ಕುಗ್ಗಿತ್ತು. ರೇಷ್ಮೆಯಲ್ಲೇ ಹುಟ್ಟಿ ಬೆಳೆದವರು ಅಳತೆ ತಪ್ಪಾಯಿತು ಎಂದು ಕೊಯಮತ್ತೂರಿನವರಿಗೆ ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ. ಮೂರು ಗಾಲಿ ಅಟ್ಟಕ್ಕೆ ಹೋದವು. ನಾಲ್ಕನೆಯದನ್ನು ಅಕ್ಕ ಅಂಗಳದಲ್ಲಿ ಮಲಗಿಸಿ, ಮೇಲೆ ತುಳಸಿ ಕುಂಡ ಇಟ್ಟಳು. ಅಳತೆ ಹೇಳಿ ಮಾಡಿಸಿದಂತೆ ಕೂತಿತು. ಮಳೆಗೆ ಕುಂಡದ ತಳ ಕೆಸರಾಗುವುದು ತಪ್ಪಿತು. ದೇವರು ಕೊಟ್ಟದ್ದರಲ್ಲಿ ಯಾವುದನ್ನೂ ದಂಡ ಎನ್ನಬಾರದು.

ಆಮೇಲೆ ತೂಕದ ಸರದಿ. ಗಾಲಿ ಹಗುರವಾದಷ್ಟೂ ಸವಾರಿ ಮೆತ್ತಗೆ ಎಂದು ಯಾರೋ ಹೇಳಿದರಂತೆ. ಟೈರು ಅಂಗಡಿಯಿಂದ ಹಳೆಯ ಗಾಲಿಗಳನ್ನು ಕೈಬದಲಿಗೆ ತಂದು ನೂಲು ತೂಗುವ ತಕ್ಕಡಿಯ ಮೇಲೆ ಏರಿಸಿದರು. ಅದೇ ಹೊತ್ತಿಗೆ ಲೊಕ್ಕನಹಳ್ಳಿ ಕಡೆಯಿಂದ ಮದುವೆ ಸೀರೆಗೆಂದು ಬಂದವರು ಚಾಪೆಯ ಮೇಲೆ ಕೂತಿದ್ದರು. ಭಾವ ಗಾಲಿಯ ಎದುರು ಮಂಡಿಯೂರಿ, "ಏಳು ಕೆಜಿ ನಾನೂರಿಪ್ಪತ್ತು" ಎಂದು ಜೋರಾಗಿ ಓದಿದರು.

ಮದುವಣಗಿತ್ತಿಯ ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಹೇಳಿದರು: "ಜರಿ ಒಸಿ ಕಮ್ಮಿ ಮಾಡ್ಕೊಡಪ್ಪ. ಇಷ್ಟು ಬಾರ ನಮ್ಮ ಮಗಿ ಉಟ್ಕಂಡು ನಡೆಯಾಕಿಲ್ಲ."

ಅವರು ಸೀರೆ ತೆಗೆದುಕೊಂಡೇ ಹೋದರು ಎನ್ನುವುದು ಸಮಾಧಾನ.

ತೂಕ ಗೊತ್ತಾಯಿತು, ಮೆತ್ತಗಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಇಲ್ಲಿಂದ ನನ್ನ ಕಷ್ಟ ಶುರು. ಒಂದು ದಿನ ಭಾವ ನಮ್ಮ ಮನೆಗೆ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ಸೀರೆ ನೋಡುವ ಹಾಗೆ ನೋಡಿ, "ನೀನೂ ನಿಮ್ಮಕ್ಕನೂ ಎಚ್ಚೂಕಮ್ಮಿ ಒಂದೇ ತೂಕ. ನೀನು ಒಂದು ಕೆಜಿ ಕಮ್ಮಿ ಬತ್ತೀಯ," ಎಂದರು.

"ಕಮ್ಮಿ ಅಂದ್ರಲ್ಲ, ನಿಮ್ಮ ಬಾಯಿಗೆ ಸಕ್ಕರೆ ಆಕ," ಎಂದೆ.

"ಆ ಒಂದು ಕೆಜಿಗೆ ಚೊಂಬು ಇಟ್ಕ," ಎಂದರು.

ವಿಷಯ ಏನೆಂದರೆ, ಕಂಠದವರೆಗೆ ನೀರು ತುಂಬಿದ ಹಿತ್ತಾಳೆ ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಅಕ್ಕನ ಸೀಟಿನಲ್ಲಿ ಕೂರಬೇಕು. ಕಾರು ಯಳಂದೂರಿಗೆ ಹೋಗಿ ಬರಬೇಕು. ಎಷ್ಟು ನೀರು ಚೆಲ್ಲಿತೋ ಅಷ್ಟು ಗಾಲಿಯ ದೋಷ. ನನ್ನ ಯಜಮಾನರನ್ನು ಕೇಳಿದರೆ, ಪೇಪರಿನಿಂದ ತಲೆಯೆತ್ತದೆ, "ಓಗ್ಬಾ, ತಣ್ಣಗಾಯ್ತದೆ" ಎಂದರು.

ಮೊದಲು ಆ ಹದಿನೇಳು ಇಂಚಿನ ಬಳೆ ಗಾಲಿಯಲ್ಲೇ ಹೋದೆವು, ಹೋಲಿಸಿ ನೋಡಲು. ಭಾವ ಹಂಪುಗಳಿಗೆಲ್ಲ ಹೆಸರಿಟ್ಟಿದ್ದರು: ಸ್ಕೂಲು ಹಂಪು, ಮಾರಮ್ಮನ ಹಂಪು, ಟೀ ಅಂಗಡಿ ಹಂಪು. ಸ್ಕೂಲು ಹಂಪಿಗೆ ಕಾಲು ಚೊಂಬು ಹೋಯಿತು. ಮಾರಮ್ಮನ ಹಂಪಿಗೆ ನಾನು ಕೈಮುಗಿಯಲು ಹೋಗಿ ಅರ್ಧ ಹೋಯಿತು. ಯಳಂದೂರು ತಲುಪಿದಾಗ ಚೊಂಬು ಖಾಲಿ, ನಾನು ಭರ್ತಿ. ಸದ್ಯ, ಅದು ಮಜ್ಜಿಗೆಯಾಗಿರಲಿಲ್ಲ.

ಹದಿನಾರು ಇಂಚಿಗೆ ಅರ್ಧ ಚೊಂಬು ಉಳಿಯಿತು. ಆ ಸಲ ಮಾಡು ಮಡಚಿಕೊಂಡು, ಕುಂತೂರಿನ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆವು. ಹಂಪಿನಲ್ಲಿ ಟ್ರೇಲರು ಕುಲುಕಿ ಎರಡು ಜಲ್ಲೆ ಕಬ್ಬು ನೇರ ನನ್ನ ಮಡಿಲಿಗೆ ಬಿದ್ದವು. ಭಾವ ಗಾಬರಿಯಿಂದ ಕೇಳಿದ್ದು, "ಚೊಂಬಿಗೆ ಏನಾರ ಆಯ್ತಾ?" ಎಂದು. ಪೆಟ್ಟಾಗಲಿಲ್ಲ, ಮಾದಪ್ಪ ಕಾಪಾಡಿದ. ಮಾರನೆಯ ದಿನ ಏಕಾದಶಿ ಪಾರಣೆಗೆ ಕಬ್ಬಿನ ಹಾಲೂ ಆಯಿತು.

ಪ್ರತಿ ಸಲ ನಾನು ಒದ್ದೆ ಸೀರೆ ಹಿಂಡುತ್ತ ಬೀದಿಯಲ್ಲಿ ನಡೆದು ಬಂದಾಗ, ಜಗಲಿಯ ಮೇಲೆ ಹೂ ಕಟ್ಟುತ್ತಿದ್ದ ಅಕ್ಕ ತಲೆಯೆತ್ತದೆ ಕೇಳುತ್ತಿದ್ದಳು: "ಇವತ್ತು ಎಷ್ಟು ಚೆಲ್ತು?"

"ಅರ್ಧ."

"ಊ," ಎಂದು ಇನ್ನೊಂದು ಹೂ ಪೋಣಿಸುತ್ತಿದ್ದಳು.

ಹದಿನೈದು ಇಂಚಿನಲ್ಲಿ ಕಮಲದ ಎಸಳಿನಂಥ ಕಡ್ಡಿಗಳಿದ್ದ ಒಂದು ಸೆಟ್ಟು ಬಂತು. ಎಷ್ಟು ಚೆಂದವೆಂದರೆ ನನಗೇ ಆಸೆಯಾಯಿತು. ಮುಕ್ಕಾಲು ಚೊಂಬು ಉಳಿಯಿತು. "ಇದೇ ಇರಲಿ ಭಾವ, ನನ್ನ ಸೀರೆಗಳಾದರೂ ಉಳಿಯಲಿ" ಎಂದು ಬೇಡಿಕೊಂಡೆ. ಅವರು ಚೊಂಬಿನೊಳಗೆ ಇಣುಕಿ, "ಕಾಲು ಚೆಲ್ಲೈತಲ್ಲ" ಎಂದರು. "ಕಾಲು ಅಂದ್ರೆ ಕಮ್ಮಿ ಅಲ್ಲ ಕಣಮ್ಮಿ. ನೀರಿಗೆ ನೋವಾಗಾಕಿಲ್ಲ."

ನಾನು ಉಳಿದ ನೀರನ್ನು ಗಿಡಕ್ಕೆ ಸುರಿದು, ಮುಂದಿನ ಗಾಲಿ ಯಾವಾಗ ಬರುತ್ತದೆ ಎಂದು ಕೇಳಿದೆ.

ಕೊನೆಗೆ ಅವರು ಆರಿಸಿದ್ದು ಹದಿನಾಲ್ಕು ಇಂಚಿನ ಗಾಲಿ. ಬೂದು ಬಣ್ಣ, ಒಂದು ಗೆರೆಯ ಅಲಂಕಾರವಿಲ್ಲ. ಸುತ್ತ ಇಡ್ಲಿಯ ಹಾಗೆ ಉಬ್ಬಿದ ದಪ್ಪ ಟೈರು. ಆ ಕೆಂಪು ಕಾರು ರೇಷ್ಮೆ ಸೀರೆಯುಟ್ಟು ಹವಾಯಿ ಚಪ್ಪಲಿ ಹಾಕಿಕೊಂಡಂತೆ ಕಾಣುತ್ತಿತ್ತು. ಟೈರು ಅಂಗಡಿಯವರಿಗೆ ಅಳುವೊಂದು ಬಾಕಿ.

"ಎಲ್ರೂ ದೊಡ್ಡದು ಆಕುಸ್ತಾರೆ ಸಾ. ದೊಡ್ಡದು ಬಿಚ್ಸಿ ಚಿಕ್ಕದು ಆಕ್ಸವ್ರನ್ನ ನಾನು ನೋಡೇ ಇಲ್ಲ. ಊರಲ್ಲಿ ನಗಾಡ್ತಾರೆ."

"ನಗಾಡ್ಲಿ ಬುಡು," ಎಂದರು ಭಾವ. "ನಕ್ರೆ ಯಾರ ಸೊಂಟ ಇಡ್ಕತದೆ?"

ಕೊನೆಯ ಪರೀಕ್ಷೆ ಯಳಂದೂರಿಗಲ್ಲ, ಹನೂರಿನ ಕಡೆಗೆ. ಯಾಕೆ ಎಂದು ನಾನು ಕೇಳಲಿಲ್ಲ; ಅದು ಮಾದಪ್ಪನ ಬೆಟ್ಟದ ದಾರಿ, ದೂರದಿಂದಲೇ ಒಂದು ಕೈಮುಗಿಯಬಹುದು ಎಂದು ಸುಮ್ಮನೆ ಕೂತೆ. ಹೋಗಿ ಬಂದೆವು. ಇಳಿದು ನೋಡಿದರೆ ಮಡಿಲು ಒಣಗಿದೆ.

"ಎಷ್ಟು ಚೆಲ್ತು?" ಎಂದಳು ಅಕ್ಕ, ಜಗಲಿಯಿಂದ.

"ನಾಕು ಹನಿ."

ಅಕ್ಕ ಈ ಸಲ ತಲೆಯೆತ್ತಿದಳು.

ಮಾರನೆಯ ದಿನ ಸೋಮವಾರ. ಬೆಳಿಗ್ಗೆ ಅಕ್ಕ ಎಲೆಹಸಿರು ರೇಷ್ಮೆ ಸೀರೆ ಉಟ್ಟು, ಅದೇ ಚೊಂಬಿನಲ್ಲಿ ಮಾದಪ್ಪನಿಗೆ ಹಾಲು ತುಂಬಿಕೊಂಡು ಕಾರಿನ ಪಕ್ಕ ನಿಂತಿದ್ದಾಳೆ ಎಂದು ಬೀದಿಯಲ್ಲಿ ಸುದ್ದಿಯಾಯಿತು. ಬೆಟ್ಟಕ್ಕೆ! ನಾನು ಒಲೆ ಆರಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹಣ್ಣುಕಾಯಿ, ಹೂ, ಊದುಬತ್ತಿ ಎಲ್ಲ ಬುಟ್ಟಿಗೆ ತುಂಬಿಕೊಂಡು ಓಡಿದೆ. ಎಂಟು ತಿಂಗಳು ಆ ಸೀಟಿನಲ್ಲಿ ಕೂತು ನೆನೆದವಳು ನಾನು. ಬೆಟ್ಟಕ್ಕೆ ನನ್ನನ್ನು ಬಿಟ್ಟು ಹೋಗುತ್ತಾರೆಯೆ?

ಅಕ್ಕ ನನ್ನನ್ನೂ ಬುಟ್ಟಿಯನ್ನೂ ನೋಡಿ, "ನೀನು ಎಲ್ಲಿ ಕೂತ್ಕತೀಯಮ್ಮಿ?" ಎಂದಳು.

ನಾನು ಕಾರಿನೊಳಗೆ ಇಣುಕಿದೆ. ನೀವು ನಂಬುವುದಿಲ್ಲ, ಅಲ್ಲಿ ಎರಡೇ ಸೀಟು ಎನ್ನುವುದು ನನಗೆ ಮರೆತೇ ಹೋಗಿತ್ತು.

"ಮದ್ವೆ ಆದ ತಿಂಗ್ಳು ಬೆಟ್ಟುಕ್ಕೆ ಇಬ್ರೇ ಓಗನ ಅಂತ ಇವರ್ನ ಕೇಳಿದ್ದೆ," ಎಂದಳು ಅಕ್ಕ, ಚೊಂಬನ್ನು ಜಗಲಿಯ ಮೇಲಿಟ್ಟು ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ. "ಅವತ್ತು ಟೆಂಪೋ ತಂದ್ರು. ನಮ್ಮತ್ತೆ, ಅತ್ತೆ ತಂಗಿ, ನಾದಿನೀರು, ಎಲ್ಲ ಸೇರಿ ಅನ್ನೊಂದು ಜನ. ಇವರು ಡ್ರೈವರ್ ಪಕ್ಕ, ನಾನು ಇಂದುಗಡೆ ಸೀಟು. ಆಮ್ಯಾಕೆ ನಾನು ಕೇಳ್ಲಿಲ್ಲ."

ಭಾವ ಕನ್ನಡಿ ಒರೆಸುತ್ತಿದ್ದರು. ಆಗಲೇ ಒರೆಸಿದ್ದ ಕನ್ನಡಿ. "ಈಗ ತಂದಿವ್ನಲ್ಲ," ಎಂದರು, ಕನ್ನಡಿಗೆ.

ಅಕ್ಕ ಬಾಗಿಲು ಹಿಡಿದು, ಒಂದು ಕೈ ಸೊಂಟಕ್ಕಿಟ್ಟು, ನಿಧಾನವಾಗಿ ಆ ತಗ್ಗಿನ ಸೀಟಿಗೆ ಇಳಿದಳು. ನಾನು ಚೊಂಬು ಎತ್ತಿ ಮಡಿಲಿಗೆ ಕೊಟ್ಟೆ. ಮಾಡು ಮಡಚಿದ ಕಾರು ಎತ್ತಿನ ಗಾಡಿಯ ವೇಗದಲ್ಲಿ ಹೊರಟಿತು. ಬೀದಿಯ ಕೊನೆಗೆ ಒಂದು ಹಂಪು ಇದೆ. ಅಲ್ಲಿ ಎರಡು ತಲೆಗಳು ಒಟ್ಟಿಗೆ ಮೇಲೆದ್ದು ಒಟ್ಟಿಗೆ ಇಳಿದವು. ಅದಾದ ಮೇಲೆ ಅಕ್ಕನ ಕೈಯೊಂದು ಕಾರಿನಿಂದ ಮೇಲಕ್ಕೆ ಬಂತು, ಚೊಂಬು ಹಿಡಿದುಕೊಂಡು. ಚೆಲ್ಲಿಲ್ಲ ಎಂದು ನನಗೆ ತೋರಿಸಿದ್ದು ಅದು.

ನಾನು ಬುಟ್ಟಿ ಹೊತ್ತು ಅಕ್ಕನ ಅಂಗಳಕ್ಕೆ ಹೋದೆ. ಅಳತೆ ತಪ್ಪಿದ ಗಾಲಿಯ ಮೇಲೆ ತುಳಸಿ ಚಿಗುರಿ ನಿಂತಿತ್ತು. ತಂದ ಹೂವನ್ನು ಅದಕ್ಕೇ ಏರಿಸಿ ಕಾಯಿ ಒಡೆದೆ. ಮೂರನೆಯ ಸೀಟು ಇಡದೆ ಆ ಕಾರು ಮಾಡಿದವನು ಯಾವ ದೇಶದವನೋ ಯಾವ ಕುಲದವನೋ ನನಗೆ ಗೊತ್ತಿಲ್ಲ. ಅವನ ಮನೆ ತಣ್ಣಗಿರಲಿ ಎಂದು ಬೇಡಿಕೊಂಡೆ.