ಗಿಡಗಳ ಪಟ್ಟಿಯಲ್ಲಿ ಪಿಳ್ಳಮ್ಮ

೧೯೮೪ರ ಫೆಬ್ರವರಿಯಲ್ಲಿ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಅಂಚಿಗೆ ಬಡವರಿಗೆಂದು ಹನ್ನೆರಡು ಮನೆಗಳೂ ಅವುಗಳ ಮುಂದೆ ಒಂದು ಸಾರ್ವಜನಿಕ ಉದ್ಯಾನವೂ ಒಂದೇ ಮುಹೂರ್ತದಲ್ಲಿ ಉದ್ಘಾಟನೆಯಾದವು. ನೀರು ಮಂಜೂರಾಗಿದ್ದುದು ಉದ್ಯಾನಕ್ಕೆ ಮಾತ್ರ.

ಮೊದಲನೇ ಮನೆ ಪಿಳ್ಳಮ್ಮನಿಗೆ ಸಿಕ್ಕಿತು. ಕಾರ್ಖಾನೆಯಲ್ಲಿ ಕಾಲ ಮೇಲೆ ತಗಡು ಬಿದ್ದಂದಿನಿಂದ ಆಕೆಗೆ ಊರುಗೋಲೇ ಗತಿ. ಅಂಥವರ ಅನುಕೂಲಕ್ಕೆಂದೇ ಎಲ್ಲ ಮನೆಗೂ ಮೆಟ್ಟಿಲ ಬದಲು ಇಳಿಜಾರು ಕಟ್ಟಿದ್ದರು. ಪಿಳ್ಳಮ್ಮ ಆ ಇಳಿಜಾರಿನಲ್ಲಿ ಸಲೀಸಾಗಿ ಇಳಿದು, ಅರ್ಧ ಮೈಲಿಯಾಚೆಯ ಬಾವಿಗೆ ಹೋಗುತ್ತಿದ್ದಳು. ಒಂದು ಕೈಲಿ ಕೋಲು, ಇನ್ನೊಂದರಲ್ಲಿ ಬಿಂದಿಗೆ. ಮನೆ ಮುಟ್ಟುವಾಗ ಅರ್ಧ ನೀರು ದಾರಿಯ ಪಾಲು. ಕಿಟಕಿಯಾಚೆ ಮಾಲಿ ಮುನಿಯಣ್ಣ ಕ್ರೋಟನ್ ಗಿಡಗಳಿಗೆ ಪೈಪು ಹಿಡಿದು ನಿಂತಿರುತ್ತಿದ್ದ.

ಒಂದು ದಿನ ಸಾಕಾಗಿ, ಉದ್ಯಾನದ ಅಧೀಕ್ಷಕ ಚಿಕ್ಕಬೈರಪ್ಪನವರ ಮುಂದೆ ಹೋಗಿ ನಿಂತಳು.

"ಸಾಮಿ, ಒಂದ್ ಬಿಂದಿಗೆ ನೀರು ಕೊಡ್ಸಿ."

ಚಿಕ್ಕಬೈರಪ್ಪ ಒಳ್ಳೆಯವರು. ನಿಯಮಾವಳಿಯನ್ನು ಎರಡು ಸಲ ಓದಿದರು. "ಗಿಡಕ್ಕೆ ಬಿಟ್ಟು ಇನ್ಯಾರಿಗೂ ಕೊಡೋ ಹಾಗಿಲ್ಲ ಕಣಮ್ಮ."

"ಗಿಡ ಅಂದ್ರೆ ಏನಂತ ಬರ್ದವ್ರೆ ಸಾಮಿ?"

"'ಉದ್ಯಾನದ ಗಡಿಯೊಳಗೆ ನೆಲೆಯೂರಿ, ದಿನವೂ ನೀರು ಬಯಸುವ, ಪೂರ್ವಾನುಮತಿಯಿಲ್ಲದೆ ಸ್ಥಳಾಂತರಿಸಲಾಗದ ಜೀವ.'"

"ನಾನೂ ಅಂಗೇ ಅಲ್ವಾ? ಪರ್ಮಿಸನ್ ಇಲ್ದೆ ಮನೆ ಬಿಟ್ಟು ಓಗಂಗಿಲ್ಲ ಅಂತ ಹಕ್ಕುಪತ್ರದಾಗೂ ಐತೆ."

ಚಿಕ್ಕಬೈರಪ್ಪ ಕನ್ನಡಕ ಒರೆಸಿಕೊಂಡು ನಕ್ಷೆ ತರಿಸಿದರು. ಹನ್ನೆರಡು ಇಳಿಜಾರುಗಳೂ ಉದ್ಯಾನದ ಗಡಿಯೊಳಕ್ಕೆ ಮೂರಡಿ ಬಂದಿದ್ದವು.

ವಾರದೊಳಗೆ ಸುತ್ತೋಲೆ ಹೊರಟಿತು: "ಸದರಿ ನಿವಾಸಿಗಳನ್ನು ಬಹುವಾರ್ಷಿಕ ಗಿಡಗಳೆಂದು ಪರಿಗಣಿಸಿ, ದಿನವೂ ತಲಾ ಎರಡು ಬಿಂದಿಗೆ ನೀರುಣಿಸತಕ್ಕದ್ದು. ನೀರುಣಿಸುವ ವೇಳೆ ಗಿಡಗಳು ಸ್ವಸ್ಥಾನದಲ್ಲಿರತಕ್ಕದ್ದು."

ಮರುದಿನ ಮುನಿಯಣ್ಣ ಇಳಿಜಾರಿನ ಬುಡಕ್ಕೇ ಪೈಪು ಎಳೆದು ತಂದ. ಕಂಠಮಟ್ಟ ತುಂಬಿದ ಬಿಂದಿಗೆ ಕಂಡು ಪಿಳ್ಳಮ್ಮನ ಕಣ್ಣು ತುಂಬಿ ಬಂತು.

"ಅಳ್ಬ್ಯಾಡಕ್ಕೋ," ಎಂದ ಮುನಿಯಣ್ಣ, "ನೀರು ಪೋಲಾಯ್ತದೆ."

ಮರುವರ್ಷ ವಸತಿ ಕಚೇರಿಯಿಂದ ಶುಭವಾರ್ತೆ ಬಂತು. ಮನೆಗಳಿಗೂ ನಲ್ಲಿ ಮಂಜೂರಾಗಿದೆ. ನಿವಾಸಿಗಳನ್ನು ಪುನಃ ಮನುಷ್ಯರ ಪಟ್ಟಿಗೆ ಸೇರಿಸಿ, ಮನುಷ್ಯರಿಗೆ ನಿಗದಿಯಾದಂತೆ ಮೂರು ದಿನಕ್ಕೊಮ್ಮೆ ನೀರು ಬಿಡಲಾಗುವುದು.

ಸಂಜೆ ಹನ್ನೆರಡು ಮನೆಯವರೂ ಹುಲ್ಲಿನ ಮೇಲೆ ಸಭೆ ಸೇರಿ, ತಮ್ಮನ್ನು ದಯಮಾಡಿ ಗಿಡಗಳಾಗಿಯೇ ಮುಂದುವರಿಸಬೇಕೆಂದು ಅರ್ಜಿ ಬರೆಸಿದರು. ಮೊದಲ ಹೆಬ್ಬೆಟ್ಟು ಪಿಳ್ಳಮ್ಮನದು. ಚಿಕ್ಕಬೈರಪ್ಪ ಅದರ ಕೆಳಗೆ ಶಿಫಾರಸು ಬರೆದರು: "ಚೆನ್ನಾಗಿ ಬೇರು ಬಿಟ್ಟಿವೆ. ಈಗ ಕೀಳುವುದು ಸೂಕ್ತವಲ್ಲ."

ಅರ್ಜಿ ಮಂಜೂರಾಯಿತು.